ಒಂದೇ ಮುಳ್ಳಿನ ಗಡಿಯಾರ

ಕೈಗಡಿಯಾರಕ್ಕೆ ಒಂದೇ ಮುಳ್ಳಿತ್ತು. ಅಷ್ಟೇ ಸಾಕಾಯಿತು.

ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ ಶಾಮಲಮ್ಮನಿಗೆ ಜರ್ಮನಿಯ ಮಾಲೀಕರು ಕಳಿಸಿದ ಬಹುಮಾನ ಅದು. ಮೂವರಿಗೆ ಬಂದಿತ್ತು. ಒಂದೊಂದು ವಾಚಿಗೂ ಒಂದೊಂದು ಜರ್ಮನ್ ಹೆಸರು, ಜೊತೆಗೆ ಅರ್ಥ ಬರೆದ ಚೀಟಿ. ಮ್ಯಾನೇಜರ್ ಉಮಾಶಂಕರ್ ಎಲ್ಲರೆದುರು ಓದಿದ್ದ. ಅವನದು ‘ಮೈಸ್ಟರ್’, ಅಂದರೆ ಉಸ್ತಾದ್. ಲೋಡಿಂಗಿನ ವೆಂಕಟನದು ‘ಫ್ಲೀಗರ್’, ಅಂದರೆ ವಿಮಾನ ಹಾರಿಸುವವನು. ಶಾಮಲಮ್ಮನದು ‘ಐನ್‌ಟ್ಸೈಗರ್’, ಅಂದರೆ ಒಂದೇ ಮುಳ್ಳಿನದು.

ಸ್ಪ್ಯಾನರ್ ಹಿಡಿಯಲು ಬಾರದವನು ಉಸ್ತಾದ್. ಮಾಸ್ತಿ ಬಸ್ಸಿಳಿದು ದಿನಾ ಅರ್ಧ ಗಂಟೆ ತಡವಾಗಿ ತೆವಳಿಕೊಂಡು ಬರುವವನು ವಿಮಾನ ಹಾರಿಸುವವನು. ಮೂರು ಜನರ ಕೆಲಸ ಒಬ್ಬಳೇ ಮಾಡುವವಳಿಗೆ ಮಾತ್ರ ಒಂದು ಮುಳ್ಳು ಕಡಿಮೆ! ಶಾಮಲಮ್ಮ ನಗುತ್ತಾ ಕೈ ಮುಗಿದಿದ್ದಳು.

ಸಿಟ್ಟು ನುಂಗಿಕೊಂಡಿದ್ದಕ್ಕೆ ಕಾರಣವಿತ್ತು. ಅವಳ ಮೇಜಿನಲ್ಲಿದ್ದ ಇನ್ನಿಬ್ಬರು ರಿಟೈರಾಗಿ ಎರಡು ವರ್ಷವಾಗಿತ್ತು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು, ಕತ್ತು ತಿರುಗುತ್ತಿರಲಿಲ್ಲ. ಬೇಡಿ ಬೇಡಿ, ಹೋದ ತಿಂಗಳಷ್ಟೇ ಮೌನಿಕಾ ಎಂಬ ಹುಡುಗಿಯನ್ನು ಟೆಂಪರರಿಯಾಗಿ ಕೊಟ್ಟಿದ್ದರು. “ಬುಧವಾರ ಮಾಲೀಕರು ಬರ್ತಾರೆ. ಆ ವಾಚ್ ಕಟ್ಕೊಂಡು ಬನ್ನಿ, ನಿಮ್ಮ ಜೊತೆ ಫೋಟೋ ಬೇಕಂತೆ. ಮೌನಿಕಾ ಪರ್ಮನೆಂಟ್ ವಿಷಯಾನೂ ಅವತ್ತೇ ಹೇಳ್ತಾರೆ” ಎಂದಿದ್ದ ಉಮಾಶಂಕರ್.

ಬುಧವಾರ ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ.

“ರೀ, ವಾಚೆಲ್ಲಿ?”

ಗಂಡ ಸುಬ್ಬರಾಯಪ್ಪ ಬಾಯಿತುಂಬ ಪೇಸ್ಟು ಇಟ್ಟುಕೊಂಡೇ ಹೇಳಿದ. “ವಾಚ್ ರಿಪೇರಿ ಬುಡನ್ ಸಾಬ್‌ಗೆ ಕೊಟ್ಟಿದೀನಿ. ಮೊನ್ನೆ ಗೃಹಪ್ರವೇಶಕ್ಕೆ ಕಟ್ಕೊಂಡು ಹೋದ್ರೆ ಎಲ್ಲಾ ನಕ್ಕರು ಕಣೇ. ಇನ್ನೊಂದು ಮುಳ್ಳು ಎಲ್ಲಿ ಬೀಳಿಸ್ಕೊಂಡ್ಯೋ ಸುಬ್ಬಾ ಅಂತ. ಮಾನ ಹೋಯ್ತು.”

“ಅದಿರೋದೇ ಹಂಗೆ! ನನ್ನ ವಾಚನ್ನ ನೀವ್ಯಾಕೆ ಕಟ್ಕೊಂಡ್ರಿ?”

“ಅಷ್ಟು ದೊಡ್ಡದು ನಿನ್ನ ಕೈಗೆ ಒಪ್ಪುತ್ತಾ?”

ಆ ಕೈಗೆ ಏನು ಒಪ್ಪುತ್ತದೆ ಎಂದು ಈತ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಿಡಿದು ನೋಡಿದವನಲ್ಲ.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಮುನಿಶಾಮಮ್ಮನ ತಲೆ ಎದ್ದಿತು. “ಏಮಮ್ಮಾ, ಹೆಂಗಸಲ್ವಾ, ಒಂದು ಮುಳ್ಳು ಸಾಲ್ತದೆ ಅಂದ್ಕೊಂಡಿರ್ತಾರೆ. ನಮಗೇನು, ಕುಕ್ಕರ್ ಕೂಗಿದ್ರೆ ಟೈಮ್ ಗೊತ್ತಾಯ್ತದೆ!”

ಶಾಮಲಮ್ಮ ಬಕೆಟ್ಟನ್ನು ಕುಕ್ಕಿದ ರಭಸಕ್ಕೆ ಸುಬ್ಬರಾಯಪ್ಪನ ಪಂಚೆ ಸೊಂಟದವರೆಗೂ ನೆನೆಯಿತು.

ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಬುಡನ್ ಸಾಬ್ ವಾಚನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿ ತೋರಿಸಿದರು. ಹಳೆಯದೊಂದು ವಾಚಿನಿಂದ ಕಿತ್ತ, ತುದಿಗೆ ಕೆಂಪು ಬಣ್ಣವಿದ್ದ ಚಿನ್ನದ ಮುಳ್ಳು, ಕರೆಯದೆ ಬಂದು ಮುಂದಿನ ಸಾಲಿನಲ್ಲಿ ಕೂತ ನೆಂಟನ ಹಾಗೆ ನಡುವೆ ಮೆರೆಯುತ್ತಿತ್ತು.

“ಮೂರು ಗಂಟೆ ಕೂತಿದೀನಮ್ಮಾ. ಸಿಕ್ಕಿಸೋ ಗೂಟ ಒಳಗೇ ಇತ್ತು, ಮುಳ್ಳು ಹಾಕೋದೇ ಮರ್ತವ್ರೆ. ಜರ್ಮನಿಯವ್ರಾದ್ರೇನು, ಅವ್ರೂ ಮನುಷ್ಯರೇ.”

“ತೆಗೀರಿ.”

“ಕ್ಯಾ?”

“ಆ ಮುಳ್ಳು ತೆಗೀರಿ. ಅದರ ಹೆಸರೇ ಒಂದು ಮುಳ್ಳಿನದು ಅಂತ!”

ಬುಡನ್ ಸಾಬರ ಮುಖ ಬಾಡಿತು. “ನಲವತ್ತು ವರ್ಷದ ಅಂಗಡಿ ಇದು. ಹಾಕಿ ಅಂತ ಬರ್ತಾರೆ, ತೆಗೀರಿ ಅಂತ ಯಾರೂ ಬಂದಿಲ್ಲ. ಶಿವಾರಪಟ್ಟಣದ ಶಿಲ್ಪಿಗಳು ಮೂಗಿಲ್ಲದ ವಿಗ್ರಹ ಕೊಟ್ರೆ ಹಂಗೇ ಪೂಜೆ ಮಾಡ್ತೀರಾ?”

ಬಸ್ಸಿಗೆ ಕಾಯುತ್ತಿದ್ದವರು ಸುತ್ತ ಸೇರಿದರು. “ಎರಡಿದ್ರೆ ಲಕ್ಷಣವಾಗದೆ ಕಣಕ್ಕಾ, ಇರ್ಲಿ ಬಿಡು” ಎಂದನೊಬ್ಬ. “ಹೆಂಗಸ್ರು ಬೇಡ ಅಂದ್ರೆ ಬೇಕು ಅಂತ ಅರ್ಥ, ತೆಗೀಬೇಡಿ ಸಾಬ್ರೇ” ಎಂದ ಇನ್ನೊಬ್ಬ.

ಶಾಮಲಮ್ಮ ಗಾಜಿನ ಪೆಟ್ಟಿಗೆಯ ಮೇಲೆ ಬಡಿದ ಏಟಿಗೆ ಸಣ್ಣ ಸಣ್ಣ ಸ್ಕ್ರೂಗಳೆಲ್ಲ ಹುರಿಗಡಲೆಯಂತೆ ಹಾರಿದವು. “ನನ್ನ ವಾಚು! ನನ್ನ ಕೈ! ಎಷ್ಟು ಮುಳ್ಳಿರಬೇಕು ಅಂತ ಊರೆಲ್ಲಾ ಕೂತು ತೀರ್ಮಾನ ಮಾಡ್ಬೇಡಿ! ಒಂದು ಸಾಕು ಅಂದ್ರೆ ಸಾಕು!”

ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು ಕೂಗಿದ್ದು ಜೀವನದಲ್ಲಿ ಅದೇ ಮೊದಲು. ಎಷ್ಟೋ ವರ್ಷದಿಂದ ಕಟ್ಟಿದ್ದ ಮೂಗು ಬಿಟ್ಟಂತೆ ಉಸಿರು ಸಲೀಸಾಗಿ ಆಡತೊಡಗಿತು. ಬುಡನ್ ಸಾಬ್ ಇಕ್ಕಳ ಎತ್ತಿಕೊಂಡು ಚಿನ್ನದ ಮುಳ್ಳನ್ನು ಕಿತ್ತರು.

ಆಟೋ ಹಿಡಿದು ಅವಳು ಕಾರ್ಖಾನೆ ಮುಟ್ಟಿದಾಗ ಸಭೆ ಆಗಲೇ ಸೇರಿತ್ತು. ಎತ್ತರದ, ಕೆಂಪು ಮುಖದ ಮಾಲೀಕರು ಅವಳ ಮಣಿಕಟ್ಟನ್ನು ನೋಡಿದ್ದೇ ಅರಳಿಹೋದರು. ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಂತೆ ಉಮಾಶಂಕರ್ ಕನ್ನಡಕ್ಕೆ ತಿರುಗಿಸಿದ.

“ಹಿಂದೆ ಅವರೂರ ಗೋಪುರದ ಗಡಿಯಾರಗಳಿಗೆ ಒಂದೇ ಮುಳ್ಳಿರ್ತಿತ್ತಂತೆ. ಇಡೀ ಊರು ಅದನ್ನೇ ನಂಬಿ ಬದುಕ್ತಿತ್ತಂತೆ. ಐನ್‌ಟ್ಸೈಗರ್ ಅಂದ್ರೆ ಕೊರತೆ ಅಲ್ಲ, ಮರ್ಯಾದೆ ಅಂತಿದಾರೆ. ಈ ವಾಚನ್ನ ಅವರೇ ಖುದ್ದು ಆರಿಸಿದ್ದಂತೆ.”

ಶಾಮಲಮ್ಮನಿಗೆ ತನ್ನ ಒಂದು ವಾರದ ಸಿಟ್ಟಿಗೆ ನಾಚಿಕೆಯಾಯಿತು. ಪಕ್ಕದಲ್ಲಿದ್ದ ಮೌನಿಕಾ ಅವಳ ಕೈ ಅದುಮಿದಳು. “ಆಂಟಿ, ಈಗ ನನ್ನ ಹೆಸರು ಹೇಳ್ತಾರೆ ನೋಡಿ.”

“ಮೂರು ಜನ ಕೂತಿದ್ದ ಮೇಜು” ಎಂದು ಮುಂದುವರಿಸಿದ ಉಮಾಶಂಕರ್, “ಎರಡು ವರ್ಷದಿಂದ ಇವರೊಬ್ಬರೇ. ಒಂದೇ ಒಂದು ಪೀಸ್ ವಾಪಸ್ ಬಂದಿಲ್ಲ. ಎಲ್ಲಾನೂ ಸರಿಯಾಗಿ ತೋರಿಸೋಕೆ ಒಂದೇ ಮುಳ್ಳು ಸಾಕು ಅಂತ ಇವರು ನಮಗೆ ಕಲಿಸಿದಾರೆ ಅಂತಿದಾರೆ.”

ಚಪ್ಪಾಳೆ ಶೆಡ್ಡಿನ ತಗಡನ್ನು ನಡುಗಿಸಿತು. ಮಾಲೀಕರು ಇನ್ನೂ ಎರಡು ಮಾತು ಹೇಳಿದರು. ಉಮಾಶಂಕರನ ದನಿ ಮಾತ್ರ ಇಳಿಯಿತು.

“ಅದಕ್ಕೇ... ಆ ಮೇಜಿನ ಎರಡನೇ ಹುದ್ದೆ ಇವತ್ತಿಂದ ರದ್ದು. ನಮ್ಮ ಎಲ್ಲಾ ಫ್ಯಾಕ್ಟರಿಗಳಿಗೂ ಇನ್ಮೇಲೆ ಶಾಮಲಮ್ಮನೇ ಮಾದರಿ.”

ಚಪ್ಪಾಳೆಗೆಂದು ಎತ್ತಿದ ಮೌನಿಕಾಳ ಅಂಗೈಗಳು ಗಾಳಿಯಲ್ಲೇ ನಿಂತವು.

“ಮೇಡಂ, ಇಲ್ಲಿ ನೋಡಿ” ಎಂದು ಫೋಟೋಗ್ರಾಫರ್ ಕೂಗಿದ. “ವಾಚು ಕಾಣೋ ಹಂಗೆ ಕೈ ಎತ್ತಿ!”

ಶಾಮಲಮ್ಮ ಕೈ ಎತ್ತಿದಳು. ಬೆರಳುಗಳು ತಾವಾಗಿ ಮಡಚಿ ಮುಷ್ಟಿಯಾದವು. ಗಿಣ್ಣುಗಳು ಬೆಳ್ಳಗಾಗುವಷ್ಟು ಬಿಗಿ.

“ಸೂಪರ್ ಮೇಡಂ! ಏನ್ ಜೋಶು!”

ಮಾಲೀಕರಿಗಂತೂ ಅದು ಎಷ್ಟು ಹಿಡಿಸಿತೆಂದರೆ, ಪಕ್ಕದಲ್ಲಿ ನಿಂತು ತಾವೂ ಮುಷ್ಟಿ ಎತ್ತಿ ನಕ್ಕರು.