ಮಾವನ ಪದಕ್ಕೆ ನನ್ನ ಮ್ಯೂಸಿಕ್ಕು

ಸಂಗೀತದಲ್ಲಿ ನನಗೆ ತಿಳಿಯದ್ದು ಹೆಚ್ಚೇನೂ ಇಲ್ಲ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ವೃತ್ತಿಯಿಂದ ನಾನು ಬಸ್ ಕಂಡಕ್ಟರ್. ಸಂಶಿಯಿಂದ ಹುಬ್ಬಳ್ಳಿಗೆ ಹೋಗುವುದು, ಬರುವುದು. ಡಿಪೋದಲ್ಲಿ ಬಿಡುವು ಸಿಕ್ಕಾಗಲೆಲ್ಲ ಮೊಬೈಲಿನಲ್ಲಿ ಸಂಗೀತ ತಯಾರಿಸುವ ವಿಡಿಯೋಗಳನ್ನು ನೋಡಿ ನೋಡಿ, ಮನೆಯ ಪಡಸಾಲೆಯಲ್ಲಿ ಕೂತೇ ಸಿನಿಮಾದಂಥ ಮ್ಯೂಸಿಕ್ಕು ಮಾಡಬಲ್ಲೆ ಎಂಬ ತೀರ್ಮಾನಕ್ಕೆ ಬಂದಿದ್ದೆ. ತೀರ್ಮಾನವನ್ನು ಪರೀಕ್ಷಿಸುವ ಸಂದರ್ಭ ಮಾತ್ರ ಬಂದಿರಲಿಲ್ಲ. ಅದು ಮಾವನ ಹಲ್ಲಿನ ರೂಪದಲ್ಲಿ ಬಂತು.

ನನ್ನ ಹೆಂಡತಿ ಶೋಭಾಳ ಅಪ್ಪ, ಯರಗುಪ್ಪಿಯ ಭರಮಪ್ಪನವರು, ಡೊಳ್ಳಿನ ಪದ ಹಾಡುವವರು. ತುಂಬಿ ಬಂದ ಬೆಣ್ಣಿಹಳ್ಳವನ್ನು ಕುರಿ ಹಿಂಡಿನೊಂದಿಗೆ ದಾಟಿದ ಕುರಿಗಾರನ ಪದವೊಂದು ಅವರಿಗೆ ಅವರ ಅಪ್ಪನಿಂದ ಬಂದಿದೆ. ಅದು ಬೇರೆ ಯಾರಿಗೂ ಬರುವುದಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ಮುಂದಿನ ಹಲ್ಲುಗಳೆಲ್ಲ ಅಲುಗಾಡುತ್ತಿವೆ, ಕೀಳಲೇಬೇಕು ಎಂದುಬಿಟ್ಟರು.

"ಹಲ್ಲ ಹೋದ್ರ ಪದದಾಗಿನ ಮಾತೂ ಹೋದ್ವು," ಎಂದರು ಮಾವ. "ಹಲ್ಲ ಇರೂದ್ರೊಳಗ ಅದೊಂದ ಪದಾ ರೆಕಾರ್ಡಿನ್ಯಾಗ ತುಂಬಿಸಿ ಇಡ್ರಿ ಅಳಿಯಾರ. ಮೊಮ್ಮಕ್ಕಳಿಗಾದ್ರೂ ಇರಲಿ."

"ಅದಕ್ಕೇನ ದೊಡ್ಡ ಕೆಲಸಾ?" ಎಂದಳು ಶೋಭಾ. "ಮೊಬೈಲ್ ಹಿಡದ್ರ ಮುಗೀತು."

ನಾನು ನಕ್ಕೆ. ತಿಳಿದವರು ತಿಳಿಯದವರನ್ನು ನೋಡಿ ನಗುವ ನಗು ಅದು. "ಮೊಬೈಲ್‌ನ್ಯಾಗ ಯಾರರ ತುಂಬಸ್ತಾರ. ನಾ ಹಿಂದ ಮ್ಯೂಸಿಕ್ ಹಾಕಿ ಕೊಡ್ತೀನ್ರಿ ಮಾವಾರ," ಎಂದೆ. ಪಾಪ, ಮಾವ ನಂಬಿದರು. ಹಲ್ಲಿನ ಡಾಕ್ಟರ ಹತ್ತಿರ ವಾಯಿದೆ ಕೇಳಿ ಬಂದರು.

ಮ್ಯೂಸಿಕ್ಕಿಗೆ ಬೇಕಾದದ್ದು ಸಿಂಥಸೈಜರ್. ಮನೆಯಲ್ಲಿಲ್ಲದ ವಾದ್ಯಗಳ ಸ್ವರವನ್ನೆಲ್ಲ ತಾನೇ ಹುಟ್ಟಿಸುವ ಯಂತ್ರ. ಇದರಲ್ಲಿ ಎರಡು ಜಾತಿ. ಸಾಫ್ಟ್‌ವೇರ್ ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೇ ಇರುತ್ತದೆ, ಕೈಗೆ ಸಿಗುವುದಿಲ್ಲ. ಹಾರ್ಡ್‌ವೇರ್ ಆದರೆ ಹಾರ್ಮೋನಿಯಂನಂತೆ ಕರಿ ಬಿಳಿ ಕೀಗಳು, ಮೇಲೆ ಸಾಲುಸಾಲು ತಿರುಗಣೆಗಳು. ಯಾವುದು ಮೇಲು ಎಂಬ ಬಗ್ಗೆ ಇಂಟರ್ನೆಟ್ಟಿನಲ್ಲಿ ಜಗತ್ತಿನ ವಿದ್ವಾಂಸರು ವರ್ಷಾನುಗಟ್ಟಲೆ ಜಗಳಾಡುತ್ತಿದ್ದಾರೆ. ನಾನು ಎಲ್ಲವನ್ನೂ ಓದಿದೆ. ಓದಿದಷ್ಟೂ ಗೊಂದಲವಾಯಿತು. ಕೊನೆಗೆ ನಮ್ಮ ಬಸ್ಸಿನ ಡ್ರೈವರ್ ಹಸನ್‌ಸಾಬನನ್ನು ಕೇಳಿದೆ.

"ಸ್ಟೇರಿಂಗ್ ಕೈಯಾಗ ಇಲ್ಲದ ಬಸ್ ಓಡಸ್ತಾರೇನಲೇ? ಕೈಗೆ ಸಿಗೂ ಮಷಿನ್ ತಗೋ," ಎಂದ ಅವನು.

ಸಂಗೀತದ ಗಂಧವಿಲ್ಲದವನ ಮಾತು ಎಂದು ಅದನ್ನು ಬದಿಗಿಟ್ಟು ಸಾಫ್ಟ್‌ವೇರನ್ನೇ ಆರಿಸಿಕೊಂಡೆ. ಅದು ಪುಕ್ಕಟೆ ಸಿಗುತ್ತಿತ್ತು ಎಂಬುದಕ್ಕೂ ನನ್ನ ನಿರ್ಧಾರಕ್ಕೂ ಸಂಬಂಧ ಇಲ್ಲವೆಂದು ಹೇಳಲಾರೆ. ಹಳೆಯದೊಂದು ಲ್ಯಾಪ್‌ಟಾಪ್ ಸಂಪಾದಿಸಿ ಅದರೊಳಗೆ ಸಿಂಥಸೈಜರನ್ನು ಇಳಿಸಿದೆ. ಮಾವ ಡೊಳ್ಳು ಹೊತ್ತು ಬಂದರು. ಅತ್ತೆ ಪೂಜೆಯ ತಟ್ಟೆ ಹಿಡಿದು ಬಂದರು. ಅವರ ಮನೆತನದಲ್ಲಿ ಹೊಸ ಯಂತ್ರ ಏನೇ ಬರಲಿ, ಪೂಜೆಯಾಗದೆ ಮುಟ್ಟುವಂತಿಲ್ಲ.

"ಮಷಿನ್ ಎಲ್ಲಿ ಐತ್ರಿ ಅಳಿಯಾರ?"

"ಇದರೊಳಗ ಐತ್ರಿ ಅತ್ತಿ."

"ಒಳಗ ಅಂದ್ರ ಎಲ್ಲಿ? ಕುಂಕುಮ ಎಲ್ಲಿ ಹಚ್ಚಲಿ?"

ಜಗತ್ತಿನ ವಿದ್ವಾಂಸರಲ್ಲಿ ಒಬ್ಬರೂ ಎತ್ತದ ಪ್ರಶ್ನೆ ಅದು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಲ್ಯಾಪ್‌ಟಾಪಿನ ಹಣೆಯ ಮೇಲಿದ್ದ ಕ್ಯಾಮೆರಾದ ಸಣ್ಣ ಕಣ್ಣಿಗೆ ಕುಂಕುಮ ಇಟ್ಟು ಕೈಮುಗಿದರು.

ಮಾವ ಹಾಡು ಶುರುಮಾಡಿದರು. ನಾನು ಕೀ ಒತ್ತಿದೆ. ಸ್ವರ ಬರಲಿಲ್ಲ. ಬಂತು, ಆದರೆ ನಿಧಾನವಾಗಿ ಬಂತು. ಮಾವ ಮುಂದಿನ ಸಾಲಿಗೆ ಹೋದಾಗ ಲ್ಯಾಪ್‌ಟಾಪು ಹಿಂದಿನ ಸಾಲಿನಲ್ಲಿರುತ್ತಿತ್ತು. ಮಾವ ದೊಡ್ಡ ಮನುಷ್ಯರು, ಸಂಗಡಿಗ ಹಿಂದುಳಿದರೆ ಬಿಟ್ಟು ಹೋಗುವವರಲ್ಲ. ಪ್ರತಿ ಸಾಲಿನ ಕೊನೆಗೂ ಡೊಳ್ಳಿನ ಮೇಲೆ ಕೈಯಿಟ್ಟು ಅದಕ್ಕಾಗಿ ಕಾದರು. ಕಾದು ಕಾದು ಅವರಿಗೆ ಬೇಸರ ಬಂತು.

"ಹಿಂಗ ತಡದ ತಡದ ಹಾಡಿದ್ರ ನಡುಹಳ್ಳದಾಗ ಕುರಿ ಹರಕೊಂಡ ಹೊಕ್ಕಾವ್ರಿ ಅಳಿಯಾರ," ಎಂದರು.

ಇನ್ನೊಮ್ಮೆ ನೋಡೋಣ ಎನ್ನುವಷ್ಟರಲ್ಲಿ ಪರದೆ ನೀಲಿಯಾಗಿ, ತನಗೆ ಅಪ್‌ಡೇಟ್ ನಡೆಯುತ್ತಿದೆ, ಯಾರೂ ಮುಟ್ಟಬಾರದು ಎಂದು ಲ್ಯಾಪ್‌ಟಾಪು ಅಪ್ಪಣೆ ಹೊರಡಿಸಿತು. ಸಂಜೆಯವರೆಗೂ ನಾವು ಮುಟ್ಟಲಿಲ್ಲ. ಅತ್ತೆ ತಪ್ಪು ಜಾಗಕ್ಕೆ ಕುಂಕುಮ ಬಿತ್ತೆಂದು ನೊಂದುಕೊಂಡರು. ಶೋಭಾ ಮೊಬೈಲ್ ಕೈಗೆತ್ತಿಕೊಂಡಳು. ನಾನು ಅದನ್ನು ಕೆಳಗಿಡಿಸಿದೆ. ಮಾವ ಮತ್ತೊಮ್ಮೆ ಡಾಕ್ಟರ ಹತ್ತಿರ ವಾಯಿದೆ ಕೇಳಿದರು. ವಸಡು ಬಾತಿದೆ, ಕೀವು ತುಂಬಿದೆ, ಇದೇ ಕೊನೆಯ ವಾಯಿದೆ ಎಂದು ಡಾಕ್ಟರು ಗದರಿಸಿ ಕಳಿಸಿದರು.

ಹಸನ್‌ಸಾಬ ಹೇಳಿದ್ದೇ ಖರೆ ಎಂದು ಈಗ ಒಪ್ಪಬೇಕಾಯಿತು. ಹುಬ್ಬಳ್ಳಿಯ ಆರ್ಕೆಸ್ಟ್ರಾದವರೊಬ್ಬರಿಂದ ಹಳೆಯ ಹಾರ್ಡ್‌ವೇರ್ ಸಿಂಥಸೈಜರ್ ಕೊಂಡು, ನಮ್ಮದೇ ಬಸ್ಸಿನಲ್ಲಿ ಹಾಕಿಕೊಂಡು ಬಂದೆ. "ನಮ್ಮ ಕಾಳಿನ ಚೀಲಕ್ಕ ಲಗೇಜ್ ಹರೀತೀರಿ, ಇದಕ್ಕ ಇಲ್ಲೇನ್ರಿ?" ಎಂದು ಮುದುಕಿಯೊಬ್ಬಳು ಕೇಳಿದಳು. ಇಡೀ ಬಸ್ಸು ನನ್ನನ್ನೇ ನೋಡಿತು. ನನ್ನ ಕೈಯಿಂದ ನಾನೇ ಲಗೇಜ್ ಟಿಕೆಟ್ ಹರಿದುಕೊಂಡೆ.

ಹಲ್ಲು ಕೀಳುವ ಹಿಂದಿನ ದಿನ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಈ ಸಲ ನಾನು ಯಾವ ತಪ್ಪಿಗೂ ಅವಕಾಶ ಕೊಡಲಿಲ್ಲ. ನಡುವೆ ರಿಂಗ್ ಆಗಬಾರದೆಂದು ಮನೆಯಲ್ಲಿದ್ದ ಎಲ್ಲ ಮೊಬೈಲ್‌ಗಳನ್ನೂ ಬಂದ್ ಮಾಡಿಸಿ ಜೋಳದ ಡಬ್ಬಿಯೊಳಗೆ ಹಾಕಿ ಮುಚ್ಚಿದೆ. "ಒಂದರ ಹೊರಗ ಇರಲ್ರಿ," ಎಂದಳು ಶೋಭಾ. "ಸ್ಟುಡಿಯೋದಾಗ ಹಂಗ ನಡೆಯೂದಿಲ್ಲ," ಎಂದೆ.

ಅತ್ತೆಗೆ ಈ ಯಂತ್ರ ಬಹಳ ಹಿಡಿಸಿತು. ಕುಂಕುಮ ಹಚ್ಚಲು ಎಷ್ಟೊಂದು ಜಾಗ! ಕಾಯಿ ಒಡೆಯುವಾಗ ನೀರು ಸಿಡಿಯದಂತೆ ನಾನು ಅಡ್ಡ ನಿಂತೆ. ಕರ್ಪೂರದ ತಟ್ಟೆಯನ್ನು ದೂರ ಸರಿಸಿದೆ. ಊದುಬತ್ತಿಯನ್ನು ಬಾಗಿಲಾಚೆ ಇಟ್ಟೆ. ನನ್ನ ಮುಂಜಾಗ್ರತೆಗೆ ನಾನೇ ಮೆಚ್ಚಿ ಬೆನ್ನು ತಿರುಗಿಸಿದೆ. ಆಗ ಮಾವ, ಡೊಳ್ಳಿಗೆ ಕೈ ಹಚ್ಚುವ ಮೊದಲು ತಾವು ಜೀವಮಾನವಿಡೀ ಮಾಡಿದ್ದನ್ನೇ ಮಾಡಿದರು. ದೇವರ ಹೆಸರು ಹೇಳಿ ಹಿಡಿ ತುಂಬ ಭಂಡಾರ ಮೇಲಕ್ಕೆ ಹಾರಿಸಿದರು.

ನಾನೂ ಭಂಡಾರದಲ್ಲೇ ಹುಟ್ಟಿ ಬೆಳೆದವನು. ನನ್ನ ಮದುವೆಯ ಫೋಟೋದಲ್ಲಿ ಮದುಮಗ ಯಾರೆಂದು ಗುರುತು ಸಿಗುವುದಿಲ್ಲ, ಅಷ್ಟು ಅರಿಶಿನ. ಆದರೂ ಅದು ನೆನಪಾಗಲಿಲ್ಲವಲ್ಲ ಎಂದು ದಂಗಾಗಿ ನಿಂತೆ. ಹಳದಿ ಪುಡಿ ನಿಧಾನವಾಗಿ ಇಳಿದು ಪ್ರತಿ ಕೀಯ ಸಂದಿಯಲ್ಲೂ, ಪ್ರತಿ ತಿರುಗಣೆಯ ಬುಡದಲ್ಲೂ ಸೇರಿಕೊಂಡಿತು. ಊದಿದೆ; ಇನ್ನೂ ಒಳಗೆ ಹೋಯಿತು. ಒದ್ದೆ ಬಟ್ಟೆಯಿಂದ ಒರೆಸಿದೆ, ಅಲ್ಲೇ ಗಟ್ಟಿಯಾಯಿತು. ರೆಕಾರ್ಡಿನ ಕೆಂಪು ಗುಂಡಿ ಮಾತ್ರ ದೇವರ ದಯೆಯಿಂದ ಹತ್ತಿತು. ಧೈರ್ಯ ತಂದುಕೊಂಡು ಒಂದು ಕೀ ಒತ್ತಿದೆ.

ಊಂ ಎಂದಿತು. ಬೆರಳು ತೆಗೆದೆ. ಊಂ ಎನ್ನುತ್ತಲೇ ಇತ್ತು.

ತಿರುಗಣೆಗಳನ್ನೆಲ್ಲ ತಿರುವಿದೆ, ಬದಿಗೆ ಬಡಿದೆ. ಊಂ ನಿಲ್ಲಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಮಾವನ ಮುಖ ಅರಳಿತು. "ಅಗದಿ ಚಲೋ ಶ್ರುತಿ ಹಿಡದೈತ್ರಿ. ಮುಟ್ಟಬ್ಯಾಡ್ರಿ," ಎಂದು ಕಿವಿಯ ಮೇಲೆ ಕೈಯಿಟ್ಟು ಹಾಡತೊಡಗಿದರು.

ಏನು ಹೇಳಲಿ! ಹಳ್ಳ ತುಂಬಿ ಬಂತು, ಕುರಿಗಾರ ಮರಿಗಳನ್ನು ಹೆಗಲಿಗೇರಿಸಿದ, ನೀರು ಎದೆಗೆ ಬಂತು. ಅತ್ತೆ ಸೆರಗು ಕಣ್ಣಿಗೊತ್ತಿಕೊಂಡರು. ಅವನು ಆಚೆ ದಡ ಮುಟ್ಟಿದಾಗ ನಾನೂ ಉಸಿರು ಬಿಟ್ಟೆ. ಮಾವ ಅದೇ ಉತ್ಸಾಹದಲ್ಲಿ ಮಂಗಳದ ಪದವನ್ನೂ ಹಾಡಿ ಡೊಳ್ಳು ಕೆಳಗಿಟ್ಟರು.

"ತುಂಬಿತೇನ್ರಿ ಅಳಿಯಾರ?"

"ತುಂಬದ ಏನ್ರಿ ಮಾವಾರ," ಎಂದು ಗುಂಡಿ ಒತ್ತಿದೆ.

ಊಂ ಎಂದಿತು. ಮಾವ ತಲೆದೂಗಿದರು. ಊಂ. ಹಾಡು ಈಗ ಬಂದೀತು ಎಂದು ಎಲ್ಲರೂ ಕಾದರು. ಊಂ.

ಶೋಭಾ ಯಂತ್ರದ ಹಿಂದೆ ಮುಂದೆ ನೋಡಿದಳು. "ಇದರ ಮೈಕ್ ಎಲ್ಲೈತ್ರಿ?" ಎಂದಳು.

ಮೈಕು! ಸಾಫ್ಟ್‌ವೇರೋ ಹಾರ್ಡ್‌ವೇರೋ ಎಂದು ಅಷ್ಟು ದಿನ ತಲೆ ಕೆಡಿಸಿಕೊಂಡ ನಾನು ಮೈಕನ್ನೇ ತಂದಿರಲಿಲ್ಲ. ಆ ಯಂತ್ರಕ್ಕೆ ಕಿವಿಯೇ ಇಲ್ಲ; ತಾನು ಬಾರಿಸಿದ್ದನ್ನು ಮಾತ್ರ ತುಂಬಿಕೊಳ್ಳುತ್ತದೆ. ಎದುರಿಗೆ ಮಾವ ಹಾಡಿದರೂ ಅಷ್ಟೇ, ಕುರಿ ಅರಚಿದರೂ ಅಷ್ಟೇ.

ಶೋಭಾ ಹೋಗಿ ಜೋಳದ ಡಬ್ಬಿಯಿಂದ ಮೊಬೈಲ್ ತೆಗೆದಳು. ಮಾವ ಕೈ ಅಡ್ಡ ಮಾಡಿದರು. "ಇಲ್ಲವ್ವಾ. ಮಂಗಳಾ ಹಾಡಿದ ಮ್ಯಾಲೆ ಅದ ಜಾಗಾದಾಗ ತಿರುಗಿ ಡೊಳ್ಳ ಎತ್ತೂದಿಲ್ಲ. ಹಿರೇರು ನಡಸಿಕೊಂಡ ಬಂದದ್ದು." ಆಮೇಲೆ ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ," ಎಂದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಪದವನ್ನು ಮುಳುಗಿಸಿದವನು ನಾನು ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಮೊದಲ ಬಸ್ಸಿಗೆ ಮಾವ ಮತ್ತು ಶೋಭಾ ಹೊರಟರು. ಅದು ನನ್ನದೇ ಡ್ಯೂಟಿ. ಹಲ್ಲು ಕೀಳಿಸಲು ಹೊರಟ ಮಾವನಿಗೆ ಟಿಕೆಟ್ ಕೊಡುವಾಗ ತಡೆಯಲಾಗಲಿಲ್ಲ.

"ಮಾವಾರ, ಇದು ಬ್ಯಾರೆ ಜಾಗಾ ಅಲ್ರಿ? ಡೊಳ್ಳೂ ಇಲ್ಲ. ಇಲ್ಲೇ ಹಾಡ್ತೀರೇನ್ರಿ?"

ಮಾವ ಬಸ್ಸಿನೊಳಗೆಲ್ಲ ಕಣ್ಣಾಡಿಸಿದರು. "ಬಸ್ಸಿನ್ಯಾಗ ಯಾರೂ ಮಂಗಳಾ ಹಾಡಿಲ್ಲ ಬಿಡ್ರಿ," ಎಂದು ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಬೆರಳಿನಿಂದ ತಾಳ ಹಾಕಿದರು. ಶೋಭಾ ಮೊಬೈಲ್ ಹಿಡಿದಳು. ಕುರಿಗಾರ ಹಳ್ಳಕ್ಕೆ ಇಳಿದ. ಬಸ್ಸಿನ ಮಂದಿ ಮಾತು ನಿಲ್ಲಿಸಿದರು. ಹಸನ್‌ಸಾಬ ಕೂಡ ತಗ್ಗು ತಪ್ಪಿಸಿ ಮೆಲ್ಲಗೆ ಓಡಿಸಿದ. ನಾನು ತುಟಿ ಬಿಗಿಹಿಡಿದು, ಕೈಸನ್ನೆಯಲ್ಲೇ ಟಿಕೆಟ್ ಕೊಟ್ಟೆ. ಮೊದಲ ಸ್ಟಾಪಿನವರೆಗೆ.

ಮಾವನಿಗೆ ಈಗ ಹೊಸ ಹಲ್ಲಿನ ಸೆಟ್ ಬಂದಿದೆ. ಮಾತಾಡಿದರೆ ಟಕ್ ಎನ್ನುತ್ತದೆ, ಹಾಡಲು ಬರುವುದಿಲ್ಲ. ಹಲ್ಲಿದ್ದಾಗಿನ ಆ ಪದ ಅದೊಂದು ಮೊಬೈಲಿನಲ್ಲಿ ಮಾತ್ರ ಇದೆ. ಮೊನ್ನೆ ನಮ್ಮ ಮನೆಗೆ ಬಂದಾಗ ಅದನ್ನು ಹಚ್ಚಿಸಿಕೊಂಡು ಕೂತು ಕೇಳಿದರು. ಕುರಿಗಾರ ಮರಿಗಳನ್ನು ಹೆಗಲಿಗೇರಿಸುತ್ತಾನೆ, "ಆಧಾರ ಕಾರ್ಡ ತಗೀರವ್ವಾ!" ನೀರು ಎದೆಗೆ ಬರುತ್ತದೆ, "ಹಿಂದ ಜಾಗಾ ಐತಿ, ಹಿಂದ ಹೋಗ್ರಿ!" ನಡುಹಳ್ಳದಲ್ಲಿ ಅವನು ದೇವರನ್ನು ಕೂಗುತ್ತಾನೆ, ಸೀಟಿ, "ರೈಟ್ ರೈಟ್!"

ಮಾವ ಕೊನೆಯವರೆಗೂ ಕಣ್ಣುಮುಚ್ಚಿ ಕೇಳಿ, ಮೊಬೈಲನ್ನು ಮಗಳ ಕೈಗೆ ಕೊಟ್ಟರು.

"ಪದಾ ಭಾಳ ಚಲೋ ಬಂದೈತವ್ವಾ. ಆದ್ರ ನಡಕ ನಡಕ ಒಬ್ಬಾಂವ ಒದರತಾನಲ್ಲ, ಅವನಷ್ಟ ತಗದ ಒಗಿಯಾಕ ಬರ್ತೈತೇನು?"

ಶೋಭಾ ನನ್ನ ಕಡೆ ಒಮ್ಮೆ ನೋಡಿದಳು.

"ಬರೂದಿಲ್ಲಪ್ಪಾ. ನೀನ ನೋಡಿ ಲಗ್ನಾ ಮಾಡಿಕೊಟ್ಟಿದ್ದು."