ಸರ್ವರಿನ ಮೊದಲನೆಯ ಪಂಕ್ತಿ

ಅದು ಬೇಸಿಗೆ. ಅಥವಾ ಬೇಸಿಗೆಯೇ ಆಗಿರಲಿಲ್ಲವೇನೋ. ಒಂದು ಸರ್ವರಿನ ಮೇಲೆ ನನಗೆ ಬಂದ ಸಿಟ್ಟನ್ನು ನೆನೆದಾಗಲೆಲ್ಲ ಸೆಕೆಯೂ ನೆನಪಾಗುತ್ತದೆ. ಸಿಟ್ಟಿಗೊಂದು ಹವಾಮಾನ ಬೇಕೆಂದು ನಾನೇ ಸೇರಿಸಿಕೊಂಡಿರಬಹುದು. ಸಿಟ್ಟು ಮಾತ್ರ ಖರೆ. ಎರಡು ಸಾವಿರದ ಹತ್ತಕ್ಕೆ ಇನ್ನೂ ಒಂದೆರಡು ವರ್ಷವಿದ್ದ ಕಾಲ. ತಾರಿಹಾಳದ ನಮ್ಮ ವಾಲ್ವ್ ಕಾರ್ಖಾನೆಗೆ ಮಾಲಕರು ನನ್ನ ಮಾತು ನಂಬಿ ದೊಡ್ಡದೊಂದು ಸರ್ವರ್ ತರಿಸಿದ್ದರು. ಅದರ ಹೊಟ್ಟೆಯಲ್ಲಿ ಎಂಟು ಪ್ರೊಸೆಸರ್. ಐದು ವಿಭಾಗಗಳ ಐದು ಹಳೆಯ ಕಂಪ್ಯೂಟರುಗಳನ್ನು ತೆಗೆದು, ಇದೊಂದರೊಳಗೇ ಐದು ತೋರಿಕೆಯ ಕಂಪ್ಯೂಟರುಗಳನ್ನು ಕಟ್ಟಬೇಕು. ವರ್ಚುವಲ್ ಮಷೀನ್ ಎಂದರೆ ಅದೇ. ಯಾವುದಕ್ಕೆ ಎಷ್ಟು ಪ್ರೊಸೆಸರ್ ಎಂದು ಹಂಚುವವನು ನಾನು. "ಇದು ನಡೀಲಿಲ್ಲಂದ್ರ ನೀವು ಮತ್ತ ಸ್ಟೋರ್ಸಿಗೆ ಹೋಗ್ರಿ," ಎಂದು ಮಾಲಕರು ನಗುತ್ತಲೇ ಹೇಳಿದ್ದರು. ಸ್ಟೋರ್ಸಿನ ಕಿಟಕಿಯಲ್ಲಿ ಬೋಲ್ಟು ಎಣಿಸುತ್ತ ಕಳೆದ ವರ್ಷಗಳು ನನ್ನ ಬೆನ್ನಲ್ಲಿ ಇನ್ನೂ ನೋಯುತ್ತಿದ್ದವು. ಆದ್ದರಿಂದ ನಾನು ನಗಲಿಲ್ಲ.

ಹಂಚುವ ಕೆಲಸ ಹಿಡಿದವನು ಕೆಟ್ಟ. ಡಿಸೈನಿನ ಜೋಶಿಯ ನಕ್ಷೆಗಳು ಭಾರವೆಂದು ಅವರಿಗೆ ಎರಡು ಕೊಟ್ಟೆ, ಉಳಿದವರಿಗೆ ಒಂದೊಂದು. ಅಕೌಂಟ್ಸಿನ ಪಾಟೀಲ ಕಾಕಾ ಕುರ್ಚಿ ಬಿಟ್ಟೆದ್ದು ಬಂದರು. ಕಾರ್ಖಾನೆಯ ಶೆಡ್ಡಿಗಿಂತ ಹಳಬರು ಅವರು.

"ಗೇಟಿನ ಹಾಜರಿಗೂ ಒಂದ, ನನಗೂ ಒಂದ! ನಿನ್ನೆ ಬಂದ ಜೋಶಿಗೆ ಎರಡು! ನನಗ ನಾಕು ಕೊಡು ತಮ್ಮಾ."

"ಕಾಕಾ, ನಿಮ್ಮ ಕೆಲಸಕ್ಕ ಒಂದ ಸಾಕ್ರಿ. ನಾಕು ಕೊಟ್ರ ಇನ್ನೂ ನಿಧಾನ ಆಗ್ತದ."

"ಎತ್ತು ಹೆಚ್ಚು ಕಟ್ಟಿದ್ರ ಗಾಡಿ ನಿಧಾನ ಆಗ್ತದಂತ! ಇವನ್ನ ಯಾರರ ನಮ್ಮ ಶಿರಗುಪ್ಪಿ ಹೊಲಕ್ಕ ಕರಕೊಂಡು ಹೋಗ್ರಪಾ."

ಆಫೀಸು ನಕ್ಕಿತು. ಮಾಲಕರು, "ಹಿರೇರ ಮನಸ್ಸು ನೋಯಿಸಬ್ಯಾಡ್ರಿ, ಕೊಡ್ರಿ," ಎಂದರು. ಕಾಕಾನಿಗೆ ನಾಲ್ಕು ಸಿಕ್ಕಿತೆಂದು ಜೋಶಿ ನಾಲ್ಕು ಕೇಳಿದರು, ಸ್ಟೋರ್ಸು ಕೇಳಿತು, ಮಾರಾಟದವರು ಕೇಳಿದರು, ಕೊನೆಗೆ ಗೇಟಿನವರೂ ಕೇಳಿದರು. ಐದ್ನಾಲ್ಕು ಇಪ್ಪತ್ತು, ಇದ್ದದ್ದು ಎಂಟು. ಮನುಷ್ಯರನ್ನಾದರೂ ಕ್ಷಮಿಸಬಹುದು, ಆ ಸರ್ವರನ್ನು ಹೇಗೆ ಕ್ಷಮಿಸಲಿ? ಇಪ್ಪತ್ತು ಹಾಕಿದರೂ ಚಕಾರವೆತ್ತದೆ ಒಪ್ಪಿಕೊಂಡಿತು! ಇಲ್ಲದ್ದನ್ನು ಕೊಡುತ್ತೇನೆನ್ನಲು ಚುನಾವಣೆಗೆ ನಿಂತವರಿಗೂ ಒಂದು ವೇದಿಕೆ, ನಾಲ್ಕು ಮಾಲೆ ಬೇಕು. ಇದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಿತ್ತು.

ಮರುದಿನದಿಂದ ಎಲ್ಲವೂ ತೆವಳಿದವು. ಬಿಲ್ಲು ಹೊರಬರದೆ ಗೇಟಿನಲ್ಲಿ ಲಾರಿಗಳು ನಿಂತು ಹಾರ್ನು ಹೊಡೆದವು. "ಶನಿವಾರದ ತನಕ ನೋಡ್ತೇನಿ," ಎಂದರು ಮಾಲಕರು. ಈ ಸಲ ನಗು ಇರಲಿಲ್ಲ. ನಾನು ಜಗಳಕ್ಕೆಂದೇ ಕಾಕಾನ ಮುಂದೆ ಹೋಗಿ ಕುಳಿತೆ.

"ಮದುವಿ ಊಟಕ್ಕ ಹೋಗಿರಿಲ್ಲೋ ಕಾಕಾ? ಪಂಕ್ತ್ಯಾಗ ಎಂಟ ಎಲಿ ಅದಾವ ಅನ್ಕೋರಿ. ನಾಕು ಮಂದಿ ಕೂಡೇ ಕುಂಡ್ರತೇವಿ ಅಂದ್ರ ನಾಕು ಎಲಿ ಒಮ್ಮೆಲೆ ಖಾಲಿ ಆಗೂತನಕ ಬಾಗಲದಾಗ ನಿಂದರಬೇಕು. ಒಬ್ಬನ ಹೋದವ ಸಿಕ್ಕ ಸಂದ್ಯಾಗ ಕುಂತು ಉಂಡು ಬರ್ತಾನ. ನಿಮ್ಮ ಲೆಕ್ಕದ ಕೆಲಸದಾಗ ಉಣ್ಣಾವ ಒಬ್ಬನ. ಉಳದ ಮೂರು ಮಂದಿ ಬರೇ ಎಲಿ ಹಿಡದು ಕುಂಡ್ರವರು!"

ಎತ್ತಿನ ಮಾತಿಗೆ ಬಗ್ಗದವರು ಊಟದ ಮಾತಿಗೆ ಬಗ್ಗಿದರು. ಅಡಿಕೆ ಅಗಿಯುತ್ತ ಯೋಚಿಸಿ, "ಒಬ್ಬನ ಕುಂಡ್ರತೇನಿ. ಆದ್ರ ಮೊದಲನೇ ಪಂಕ್ತಿಗೆ," ಎಂದರು.

ಸರ್ವರಿನಲ್ಲಿ ಅದಕ್ಕೂ ಜಾಗವಿತ್ತು: ಯಾರ ಕೆಲಸ ಮೊದಲಾಗಬೇಕೆಂದು ಗುರುತು ಹಾಕಬಹುದಿತ್ತು. ಹಾಕಿದೆ. ಕಾಕಾನ ಬಿಲ್ಲುಗಳು ಸರಸರ ಬಂದವು. ತಾವು ಮೊದಲನೆಯ ಪಂಕ್ತಿಯವರೆಂದು ಅವರು ಊರೆಲ್ಲ ಸಾರಿದ್ದೇ ತಡ, ಉಳಿದವರೆಲ್ಲ ನನ್ನ ಟೇಬಲ್ಲಿಗೆ ಬಂದರು. "ನಾಕು ಬ್ಯಾಡ್ರಿ, ನಮ್ಮನ್ನೂ ಮೊದಲನೇ ಪಂಕ್ತಿಗೆ ಹಾಕ್ರಿ!" ಜೋಶಿಗೆ ಎರಡು, ಉಳಿದವರಿಗೆ ಒಂದೊಂದು ಉಳಿಸಿ ಎಲ್ಲರಿಗೂ ಅದೇ ಗುರುತು ಹಾಕಿದೆ.

ಶನಿವಾರ ಲಾರಿಗಳು ಹೊರಟವು. ಮಾಲಕರು ನನ್ನ ಪರದೆ ನೋಡಿ, "ಇದನ್ನ ಮೊದಲ ಮಾಡಬೇಕಿಲ್ಲೇನ್ರಿ? ಸುಮ್ನ ಇಷ್ಟು ದಿನ ಕೆಡಿಸಿದ್ರಿ," ಎಂದರು. ಮೊದಲ ದಿನ ಮಾಡಿದ್ದು ಇದನ್ನೇ ಅಲ್ಲವೇ! ಅಷ್ಟರಲ್ಲಿ ಸ್ಟೋರ್ಸಿನ ಕಿಟಕಿ ಕಂಡಿತು. "ತಪ್ಪಾತ್ರಿ," ಎಂದದ್ದೂ ನಾನೇ ಇರಬೇಕು.

ಪಕ್ಕದಲ್ಲಿದ್ದ ಕಾಕಾ ಆಗ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ಎಲ್ಲರೂ ಮೊದಲನೆಯ ಪಂಕ್ತಿಗೆ ಕುಳಿತರೆ ಮೊದಲನೆಯ ಪಂಕ್ತಿಯೇ ಇಲ್ಲವೆಂದು ಅವರಿಗೆ ಹೊಳೆದಿತ್ತೋ, ತಾರಿಹಾಳದ ಧೂಳು ಕಣ್ಣಿಗೆ ಬಿದ್ದಿತ್ತೋ, ನನಗೆ ಗೊತ್ತಿಲ್ಲ.