ಮಾವ, ಮೋಡ ಮತ್ತು ಒಂದು ಕಣ ಮೀನು

ನಮ್ಮ ಸೋದರಮಾವನಿಗೂ ಆಕಾಶಕ್ಕೂ ವ್ಯಾಜ್ಯವಿದೆ. ಬದುವಿನ ವ್ಯಾಜ್ಯವಾಗಿದ್ದರೆ ಹಾವೇರಿ ಕೋರ್ಟಿನಲ್ಲಿ ಮೊಮ್ಮಕ್ಕಳ ಕಾಲಕ್ಕಾದರೂ ಬಗೆಹರಿದೀತು. ಇದು ಬಗೆಹರಿಯುವ ಪೈಕಿ ಅಲ್ಲ! ಬ್ಯಾಡಗಿಯ ಅಂಚಿನಲ್ಲಿ ಅವನ ಹೊಲ, ಹೊಲದ ಪಕ್ಕ ಕಣ, ಕಣದ ತುಂಬ ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ಅದರ ಮೇಲೆ ಮಳೆ ಬಿತ್ತೋ, ಬಣ್ಣ ಹೋಗಿ ಬಿಳಿಗಾಯಿ ಆಗುತ್ತದೆ. ಬಿಳಿಗಾಯಿಯನ್ನು ಪೇಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಹೀಗಾಗಿ ಮಾವ "ಹೆಂಗದೀಯವಾ, ಆರಾಮೇನು?" ಎಂದು ಕೇಳುವುದೂ ಕತ್ತು ಮೇಲೆತ್ತಿಯೇ. ಕೇಳಿದ್ದು ನನ್ನನ್ನೋ ಮೋಡವನ್ನೋ ಗೊತ್ತಾಗದೆ ನಾನು ಎಷ್ಟೋ ಸಲ ಸುಮ್ಮನಿದ್ದುಬಿಟ್ಟಿದ್ದೇನೆ.

ತನ್ನ ಮಾಲಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಒಮ್ಮೆ ಕುಪ್ಪೇಲೂರಿನ ಮದುವೆಗೆ ಹೊರಟಿದ್ದೆವು. ಹಾದಿಯಲ್ಲಿ ಯಾರೋ ಪುಣ್ಯಾತ್ಮರು ಅರ್ಧ ರಸ್ತೆಯ ತನಕ ಗೋವಿನಜೋಳ ಒಣಹಾಕಿದ್ದರು. ಮೋಡ ಕವಿದಿತ್ತು. ಕಾರು ನಿಂತಿತು! ರೇಷ್ಮೆ ಸೀರೆ ಉಟ್ಟ ನಾವೆಲ್ಲ ಕೆಳಗಿಳಿದು, ಗುರುತು ಪರಿಚಯವಿಲ್ಲದವರ ಗೋವಿನಜೋಳವನ್ನು ಗುಡ್ಡೆ ಮಾಡಿದ್ದಾಯಿತು. ಮೇಲೆ ಹೊದಿಸುವ ತಾಡಪತ್ರಿ ಮಾತ್ರ ಇನ್ನೂ ಬದಿಗೆ ಬಿದ್ದಿತ್ತು. ಮಾಲಿನ ಯಜಮಾನ ಓಡೋಡಿ ಬಂದವನು ನಮ್ಮನ್ನು ಕಳ್ಳರೆಂದು ತಿಳಿದು ಕೋಲೆತ್ತಿದ. ಮಾವ ಅವನಿಗೇ ಬೈದ, "ಕೋಲ ಆಮ್ಯಾಲ ಎತ್ತಪಾ, ಮೊದಲ ಆ ತಾಡಪತ್ರಿ ಎತ್ತು!" ನಾವು ಮದುವೆಮನೆ ಮುಟ್ಟಿದಾಗ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು.

ಇಂಥವನನ್ನು ಕಟ್ಟಿಕೊಂಡ ನಮ್ಮ ಅತ್ತೆಗೆ ಇದ್ದದ್ದು ಒಂದೇ ಆಸೆ. ಗಂಡನ ಜೊತೆ ಹೋಗಿ ಸಮುದ್ರದಲ್ಲಿ ಕಾಲಿಡಬೇಕು. ಬಂಗಾರ ಕೇಳಿದಳೇ? ಬಂಗಲೆ ಕೇಳಿದಳೇ? ಆದರೂ ಅದು ಕೈಗೂಡಿರಲಿಲ್ಲ. ಕಾರವಾರಕ್ಕೆ ಹೊರಟರೆ ಹುಬ್ಬಳ್ಳಿಯಲ್ಲಿ ಮೋಡ ಕಾಣಿಸುತ್ತಿತ್ತು, ಗೋಕರ್ಣಕ್ಕೆ ಹೊರಟರೆ ಹಾನಗಲ್ಲಿನಲ್ಲೇ ಗುಡುಗುತ್ತಿತ್ತು. ಗಾಡಿ ತಿರುಗುತ್ತಿತ್ತು. ಅದಕ್ಕೇ ಈ ಬೇಸಿಗೆಯಲ್ಲಿ, ಮೆಣಸಿನಕಾಯಿಯೆಲ್ಲ ಮಾರಿ ಕಣ ಬರಿದಾದ ಮೇಲೆ, ನಾನೇ ಒಂದು ಹಡಗಿನ ಪ್ರವಾಸ ಗೊತ್ತು ಮಾಡಿದೆ. ನಡುನೀರಿನಲ್ಲಿ ಹಡಗು ನಿಲ್ಲಿಸಿ ಬ್ಯಾಡಗಿ ಬಸ್ಸು ಹಿಡಿಯುವುದು ಯಾರಿಂದಾದೀತು? ಅವರಿಬ್ಬರಿಗೆ ಜೊತೆಯಾಗಿ ನಾನೂ ಹೊರಟೆ.

ಹಡಗಿನಲ್ಲಿ ಮಾವನ ವೈಭವವನ್ನು ಏನೆಂದು ಹೇಳಲಿ! ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರದಪುಡಿ ಒಂದು ಚೀಲದ ತುಂಬ ಬಂದಿದ್ದವು. ಮೀನಿನ ವಾಸನೆ ಬಂದರೆ ಎರಡು ಮೇಜು ದಾಟಿ ಕೂರುವ ಶುದ್ಧ ಸಸ್ಯಾಹಾರಿ ಅವನು. ಎರಡನೆಯ ದಿನ ಹಡಗಿನ ತೆರೆದ ಮೇಲಂತಸ್ತಿಗೆ ಕರೆದೊಯ್ದೆ. ಅಲ್ಲಿ ಈಜುಕೊಳದ ಸುತ್ತ ಜನ ಸಾಲಾಗಿ ಬಿಸಿಲಿಗೆ ಬೋರಲು ಬಿದ್ದಿದ್ದರು. ಮಾವ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ.

"ಇವ್ರನ್ನ ಹೊಳ್ಳಿ ಹಾಕವ್ರು ಯಾರೂ ಇಲ್ಲೇನವಾ? ಒಂದ ಮಗ್ಗಲಾ ಸುಟ್ಟು ಹೊಂಟೈತಿ!"

ಅಷ್ಟಕ್ಕೇ ಬಿಡದೆ, ಮೆಣಸಿನಕಾಯಿಯಂತೆ ಮಗುಚಿ ಹಾಕಲು, ಪಾಪ, ಗಾಢ ನಿದ್ದೆಯಲ್ಲಿದ್ದ ಒಬ್ಬ ದಪ್ಪ ಮಹಾಶಯರ ಭುಜಕ್ಕೆ ಕೈ ಹಾಕಿಯೂ ಬಿಟ್ಟ. ನಾನು ಮಾವನನ್ನು ಎಳೆದುಕೊಂಡು ಕೆಳಗೆ ಬಂದೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೈ ಮುಂದೆ ಚಾಚಿದಳು. ಮಾರನೆಯ ದಿನ ಹಡಗು ಒಂದು ಸಣ್ಣ ದ್ವೀಪದ ಹತ್ತಿರ ನಿಲ್ಲುವುದಿತ್ತು. ಈ ಪ್ರವಾಸದಲ್ಲಿ ಮರಳಿನ ದಂಡೆ ಸಿಗುವುದು ಅಲ್ಲಿ ಮಾತ್ರ.

"ಆಣಿ ಮಾಡ್ರಿ. ನಾಳೆ ಒಂದ ದಿನ ಮ್ಯಾಲ ನೋಡಂಗಿಲ್ಲ. ಮೋಡ ಅನ್ನಂಗಿಲ್ಲ, ಮಾಲು ಅನ್ನಂಗಿಲ್ಲ. ನಾಳೆನೂ ಹಿಂಗ ಮಾಡಿದ್ರ, ಇನ್ನ ನಾ ನಿಮ್ಮನ್ನ ಎಲ್ಲಿಗೂ ಕರ್ಕೊಂಡ ಹೋಗ್ರಿ ಅಂತ ಕೇಳೂದಿಲ್ಲ."

ಮಾವ ಆಣೆ ಮಾಡಿದ. ಅತ್ತೆ ಕೈ ತೊಳೆಯಲು ಎದ್ದು ಹೋದಾಗ ನನ್ನ ಕಡೆ ಬಾಗಿ, "ಅಕಿ ಸಿಟ್ಟಾದ್ರ ಸೈಸ್ಕೋತೇನವಾ. ಕೇಳೂದನ್ನ ಬಿಟ್ಟಳಂದ್ರ ಹೆಂಗ?" ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋದೆವು. ನೋಡಿದರೆ ಅದು ಪ್ರವಾಸಿಗರಿಗೆಂದು ಸಿಂಗರಿಸಿಕೊಂಡ ಜಾಗವೇ ಅಲ್ಲ. ಮೈಮುರಿದು ದುಡಿಯುವ ಬಂದರು! ದೋಣಿಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿತ್ತು. ಐಸು ಕುಟ್ಟುವವರು, ಬಲೆ ಹೆಣೆಯುವವರು, ಕೂಗುವವರು. ನಮ್ಮ ಬ್ಯಾಡಗಿ ಪೇಟೆಯಷ್ಟೇ ಗದ್ದಲ, ಮೆಣಸಿನ ಘಾಟಿಗೆ ಬರುವ ಸೀನಿನ ಬದಲು ಮೀನಿನ ವಾಸನೆ. ಮಾವ ಮೂಗಿಗೆ ಟವೆಲು ಒತ್ತಿಕೊಂಡು, ಆಣೆಯಂತೆ ನೆಲ ನೋಡುತ್ತ ನಡೆದ. ಮರಳಿನ ದಂಡೆಗೆ ಹೋಗುವ ದಾರಿ ಒಂದು ಬಯಲನ್ನು ಹಾದು ಹೋಗುತ್ತಿತ್ತು. ಆ ಬಯಲನ್ನು ಕಂಡದ್ದೇ ಮಾವನ ಟವೆಲು ಕೆಳಗೆ ಜಾರಿತು.

ಅಂಚಿನಲ್ಲೊಂದು ಛಾವಣಿ, ಅದರಡಿ ಮಡಚಿಟ್ಟ ತಾಡಪತ್ರಿ, ಬಯಲಿನ ತುಂಬ ಚಾಪೆ. ಚಾಪೆಯ ತುಂಬ ಸೀಳಿ, ಉಪ್ಪು ಸವರಿ, ಒಣಗಲು ಹರವಿದ ಮೀನು. ಒಬ್ಬ ಮುದುಕಿ ಮತ್ತು ಅವಳ ಸೊಸೆಯಿರಬೇಕು, ಇಬ್ಬರೇ, ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಹೊಳ್ಳಿ ಹಾಕುತ್ತಿದ್ದರು. ಥೇಟ್ ನಮ್ಮ ಕಣ!

ಅಷ್ಟರಲ್ಲಿ ತಣ್ಣನೆಯ ಗಾಳಿ ಬೀಸಿತು. ಮಾವ ಗಕ್ಕನೆ ನಿಂತ. ಮೇಲೆ ನೋಡಲಿಲ್ಲ, ಆದರೆ ಮೂಗಿನ ಹೊಳ್ಳೆಗಳು ಅರಳಿದವು. ಒಂದು ಕೈಯಿಂದ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಮಾವಾ, ಏನಾತು?"

"ಏನಿಲ್ಲವಾ. ನಾ ಏನೂ ನೋಡಿಲ್ಲ. ನಡಿ, ನಿಮ್ಮತ್ತಿಗೆ ಸಮುದ್ರ ತೋರ್ಸೂಣು."

ನಾನು ಮೇಲೆ ನೋಡಿದೆ. ಎಮ್ಮೆ ಬಣ್ಣದ ಮೋಡ ನೆತ್ತಿಗೇ ಬಂದಿತ್ತು! ಮುದುಕಿ ಆಗಷ್ಟೇ ಕಂಡವಳು ಹಾ ಎಂದು ಚೀರಿ ಚಾಪೆ ಮಡಿಚತೊಡಗಿದಳು. ಇಬ್ಬರು ಹೆಂಗಸರು, ಅಷ್ಟು ದೊಡ್ಡ ಬಯಲು. ಗಂಡಸರೆಲ್ಲ ದೋಣಿಯ ಹತ್ತಿರ. ಮಾವನ ಹಣೆಯಲ್ಲಿ ಬೆವರು ಕಿತ್ತುಬಂತು, ಕಾಲು ಮಾತ್ರ ಕದಲಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಅವನು ಮಾಲು ತೊಯ್ಯುವುದನ್ನು ಕಂಡೂ ಕೈಕಟ್ಟಿ ನಿಂತಿದ್ದ. ಅಯ್ಯೋ, ಆ ಆಣೆ ಯಾಕಾದರೂ ಮಾಡಿಸಿದಳೋ ಎನ್ನಿಸಿತು ನನಗೆ.

ಅತ್ತೆ ಒಮ್ಮೆ ದಂಡೆಯ ಕಡೆ ನೋಡಿದಳು. ಒಮ್ಮೆ ಮೀನಿನ ಕಡೆ. ಮೊದಲ ಹನಿ ಟಪ್ಪೆಂದಿತು. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಗಿಸಿದವಳೇ, ಓಡಿದಳು ನೋಡಿ!

"ಏನ ಕಂಬದಂಗ ನಿಂತೀರಿ? ತಾಡಪತ್ರಿ ಹಿಡೀರಿ ಲಗೂನ! ಮಾಲು ತೊಯ್ಯಾಕತ್ತೈತಿ!"

"ಆಣಿ?"

"ಸುಡ್ಲಿ ನಿಮ್ಮ ಆಣಿ! ನಾನ ಮಾಡ್ಸೇನಿ, ನಾನ ಬಿಟ್ಟೇನಿ, ಬರ್ರಿ!"

ಆಮೇಲೆ ಶುರುವಾಯಿತು ದರ್ಬಾರು! ಕೋಳಿಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡನ್ನೂ ಕೊಳ್ಳದ ನಮ್ಮ ಮಾವ ಮೀನನ್ನು ಎದೆಗವಚಿಕೊಂಡು ಓಡಾಡಿದ. "ಏ ಯವ್ವಾ, ಆ ಮೂಲಿಂದ ಮಡಚು! ಗಾಳಿಗೆ ಬೆನ್ನ ಕೊಡು! ತಾಡಪತ್ರಿ ಮ್ಯಾಲ ಕಲ್ಲ ಹೇರು, ಕಲ್ಲ!" ಎಂದು ಅಪ್ಪಟ ಬ್ಯಾಡಗಿ ಕನ್ನಡದಲ್ಲಿ ಅಪ್ಪಣೆ ಕೊಟ್ಟ. ಆ ಹೆಂಗಸರು ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ಆದರೂ ಒಂದೂ ತಪ್ಪಲಿಲ್ಲ, ಅವನು ಕಲ್ಲೆಂದರೆ ಕಲ್ಲು ಬಂತು. ನಾನೂ ಎರಡು ಚಾಪೆ ಹೊತ್ತೆ. ಕೊನೆಯ ಚಾಪೆ ಛಾವಣಿಯ ಕೆಳಗೆ ಹೋಯಿತೋ ಇಲ್ಲವೋ, ಮಳೆ ಧೋ ಎಂದು ಸುರಿಯಿತು.

ಮುದುಕಿ ಕುಣಿಯುವುದೊಂದು ಬಾಕಿ. ಅತ್ತೆಯ ಕೆನ್ನೆಯನ್ನು ಎರಡೂ ಕೈಯಿಂದ ಹಿಡಿದು ನಕ್ಕಳು. ಅತ್ತೆ ಕಡಲಿನ ಕಡೆ ಬೆರಳು ತೋರಿಸಿ ಸೀರೆಯ ನೆರಿಗೆ ಎತ್ತಿ ತೋರಿಸಿದಳು. ಅಷ್ಟೇ ಸಾಕಾಯಿತು. ಇಬ್ಬರೂ ಕೈಕೈ ಹಿಡಿದು ಆ ಮಳೆಯಲ್ಲೇ ನೀರಿಗೆ ಓಡಿದರು. ತೆರೆ ಬಂದು ಮೊಣಕಾಲಿಗೆ ಬಡಿದಾಗ ಅತ್ತೆ ಹಾಕಿದ ಕೇಕೆ ಹಡಗಿಗೂ ಕೇಳಿಸಿರಬೇಕು.

ಮಾವ ಛಾವಣಿಯ ಅಂಚಿನಲ್ಲಿ ನಿಂತಿದ್ದ. ಅಂಗಿಯ ತುಂಬ ಮೀನಿನ ಹುರುಪೆ. "ಹೋಗು ಮಾವಾ, ಅತ್ತಿ ಕಾಯಾಕತ್ತಾಳ" ಎಂದೆ. ಅವನು ಕದಲಲಿಲ್ಲ. ಕಣ್ಣು ಒದ್ದೆಯಾಗಿತ್ತು, ಮಳೆಯೆಂದು ಹೇಳುವ ಹಾಗೂ ಇರಲಿಲ್ಲ, ಏಕೆಂದರೆ ಇದ್ದದ್ದು ಛಾವಣಿಯ ಕೆಳಗೆ.

"ನಮ್ಮ ಕಣದಾಗ ಮಳಿ ಬಂದಾಗೆಲ್ಲ ಅಕಿ ಹಿಂಗ ಓಡ್ಯಾಳವಾ. ಬಸರಿದ್ದಾಗೂ ಓಡ್ಯಾಳ, ಜ್ವರ ಬಂದಾಗೂ ಓಡ್ಯಾಳ. ನಾ ಒಮ್ಮೆನೂ ಅಕಿನ್ನ ನೋಡಿದ್ದಿಲ್ಲ, ಮೋಡಾ ನೋಡ್ಕೋತ ಇದ್ದೆ. ಇವತ್ತ ಆಣಿ ಮಾಡಿ ಸುಮ್ನ ನಿಂತಿದ್ನೆಲ್ಲ, ಅದಕ್ಕ ಕಂಡ್ಳು. ಎಷ್ಟ ಚಂದ ಓಡತಾಳ ನೋಡವಾ ನಿಮ್ಮತ್ತಿ!"

ಅಂದವನೇ ಚಪ್ಪಲಿ ಅಲ್ಲೇ ಬಿಟ್ಟು, ಅವಳಿದ್ದ ಕಡೆ ಓಡಿದ.